ಲೀಸ್ ಕಾರಿಗೆ ಏನೆಲ್ಲಾ ಹಾಕಿಸಬಹುದು? ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸ ಮಾಡುವ ಕಂಪನಿಯ ಮೂಲಕ, ಸಂಬಳದಲ್ಲೇ ಕಡಿತವಾಗುವ ಹಾಗೆ, ಮೂರರಿಂದ ಐದು ವರ್ಷಕ್ಕೆ ಕಾರು ಲೀಸ್ ತೆಗೆದುಕೊಳ್ಳುವುದು ಬೆಂಗಳೂರಿನಲ್ಲಿ ಈಗ ಮಾಮೂಲಿ. ಕಾರು ಮನೆಗೆ ಬಂದ ಮೊದಲ ಶನಿವಾರವೇ ಜೆ.ಸಿ. ರಸ್ತೆಯ ಕಡೆ ತಿರುಗಿಸುವುದೂ ಮಾಮೂಲಿ. ಅಲ್ಲಿ ಫಿಲ್ಮ್, ಅಲಾಯ್, ಹಾರ್ನ್, ಸ್ಟೀರಿಯೊ ಎಲ್ಲಾ ಸಿಗುತ್ತದೆ. ಆರ್‌ಸಿಯಲ್ಲಿ ಯಾರ ಹೆಸರಿದೆ ಎಂದು ಮಾತ್ರ ಅಂಗಡಿಯವರು ಕೇಳುವುದಿಲ್ಲ. ಅದನ್ನು ನೀವೇ ಕೇಳಿಕೊಳ್ಳಬೇಕು.

ಗಾಡಿ ನನ್ನ ಹೆಸರಿನಲ್ಲೇ ಇಲ್ಲ. ಏನಾದರೂ ತಪ್ಪು ಮಾಡಿಸಿದರೆ ಕೇಸ್ ಲೀಸ್ ಕಂಪನಿ ಮೇಲೆ ತಾನೇ?

ಬಹಳ ಜನ ಹೀಗೇ ಅಂದುಕೊಂಡಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 2(30)ರಲ್ಲಿ ‘ಮಾಲೀಕ’ ಯಾರು ಎಂದು ಬರೆದಿದೆ. ಲೀಸ್, ಹೈರ್ ಪರ್ಚೇಸ್ ಅಥವಾ ಸಾಲದ ಒಪ್ಪಂದದ ಮೇಲಿರುವ ಗಾಡಿಯಾದರೆ, ಆ ಒಪ್ಪಂದದ ಪ್ರಕಾರ ಗಾಡಿ ಯಾರ ಕೈಯಲ್ಲಿದೆಯೋ ಅವರೂ ಈ ಕಾಯ್ದೆಯ ಲೆಕ್ಕದಲ್ಲಿ ಮಾಲೀಕರೇ. ಹೀಗಾಗಿ ಮಾರುವ ಹಕ್ಕು ನಿಮಗಿಲ್ಲ, ಆದರೆ ದಂಡ ಕಟ್ಟುವ ಹೊಣೆ ನಿಮ್ಮ ತಲೆಗೆ ಬರಬಹುದು.

2019ರ ತಿದ್ದುಪಡಿಯಲ್ಲಿ ಸೇರಿಸಿದ ಸೆಕ್ಷನ್ 182ಎ ಪ್ರಕಾರ, ಅನುಮತಿ ಇಲ್ಲದ ಬದಲಾವಣೆ ಮಾಡಿಸಿದ ಮಾಲೀಕರಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ‘ಒಂದೊಂದು ಬದಲಾವಣೆಗೂ’ ಎನ್ನುವುದನ್ನು ಗಮನಿಸಿ. ನಾಲ್ಕು ಕೆಲಸ ಮಾಡಿಸಿದ್ದರೆ ನಾಲ್ಕರಿಂದ ಗುಣಿಸಬೇಕು.

ಲೀಸ್ ಕಂಪನಿ ಒಪ್ಪಿಗೆ ಕೊಟ್ಟರೆ ಸಾಕಲ್ವಾ?

ಸಾಲದು. ಇಲ್ಲಿ ಎರಡು ಬಾಗಿಲು ಇವೆ. ಒಂದು ಒಪ್ಪಂದ, ಇನ್ನೊಂದು ಕಾನೂನು. ಒಂದರಲ್ಲಿ ಒಪ್ಪಿಗೆ ಸಿಕ್ಕರೆ ಇನ್ನೊಂದು ತಾನಾಗಿ ತೆರೆಯುವುದಿಲ್ಲ.

ಕಾನೂನಿನ ಕಡೆಯಿಂದ ಮುಖ್ಯವಾದದ್ದು ಸೆಕ್ಷನ್ 52. ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಾಯಿಸಬಾರದು ಎಂದು ಅದು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಗಾಡಿಯ ಮೂಲ ಸ್ವರೂಪವೇ ಬದಲಾಗುವಂತೆ ರಚನೆಯಲ್ಲಿ ಮಾಡುವ ಮಾರ್ಪಾಡು ಇಲ್ಲಿನ ವಿಷಯ. ಸೀಟ್ ಕವರ್ ಹಾಕಿದರೆ ಯಾರೂ ಸೆಕ್ಷನ್ 52 ತೆಗೆಯುವುದಿಲ್ಲ. ರೂಫ್ ಕೊಯ್ದು ಸನ್‌ರೂಫ್ ಕೂರಿಸಿದರೆ ತೆಗೆಯುತ್ತಾರೆ.

ಒಪ್ಪಂದದ ಕಡೆಯ ಬಾಗಿಲು ಇನ್ನೂ ಕಿರಿದು. ಕಾನೂನಿಗೆ ಅಭ್ಯಂತರವಿಲ್ಲದ್ದಕ್ಕೂ ಲೀಸ್ ಕಂಪನಿ ಬೇಡ ಎನ್ನಬಹುದು. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯುವುದು ಅಪರಾಧವಲ್ಲ, ಆದರೂ ಓನರ್‌ನ ಕೇಳಬೇಕು ತಾನೇ? ಹಾಗೆಯೇ ಇದು.

ಯಾರನ್ನು ಕೇಳಬೇಕು? ಎಚ್‌ಆರ್ ‘ಓಕೆ’ ಅಂದಿದ್ದಾರೆ.

ಎಚ್‌ಆರ್ ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ಗಾಡಿ ವಾಪಸ್ ಕೊಡುವ ಹೊತ್ತಿಗೆ ಆ ಎಚ್‌ಆರ್ ಬೇರೆ ಕಂಪನಿಯಲ್ಲಿರುತ್ತಾರೆ. ಮೊದಲು ಆರ್‌ಸಿ ತೆಗೆದು ನೋಡಿ. ಕೆಲವು ಲೀಸ್‌ಗಳಲ್ಲಿ ಲೀಸ್ ಕಂಪನಿಯ ಹೆಸರಿರುತ್ತದೆ, ಕೆಲವುಗಳಲ್ಲಿ ನೀವು ಕೆಲಸ ಮಾಡುವ ಕಂಪನಿಯದ್ದು. ಅಲ್ಲಿ ಯಾರ ಹೆಸರಿದೆಯೋ ಅವರ ಲಿಖಿತ ಒಪ್ಪಿಗೆ ಬೇಕು. ಇಮೇಲ್ ಆದರೂ ಸಾಕು.

ಇಮೇಲ್‌ನಲ್ಲಿ ಗಾಡಿ ನಂಬರ್, ಹಾಕಿಸುವ ಭಾಗದ ಹೆಸರು, ಎಲ್ಲಿ ಹಾಕಿಸುತ್ತೀರಿ, ವೈರ್ ಕತ್ತರಿಸುವುದೋ ತೂತು ಕೊರೆಯುವುದೋ ಇದೆಯಾ, ವಾಪಸ್ ಕೊಡುವಾಗ ಬಿಚ್ಚುತ್ತೀರಾ ಎಂದು ಬರೆಯಿರಿ. ‘ಸಣ್ಣಪುಟ್ಟ ಆಕ್ಸೆಸರಿ ಹಾಕಿಸಬಹುದಾ’ ಎಂದು ಮೊಗಮ್ಮಾಗಿ ಕೇಳಿದರೆ ಉತ್ತರವೂ ಮೊಗಮ್ಮಾಗೇ ಬರುತ್ತದೆ. ಆ ಉತ್ತರ ಮುಂದೆ ನಿಮ್ಮ ನೆರವಿಗೆ ಬರುವುದಿಲ್ಲ. ಕಂಪನಿ ಮೇಲ್ ಐಡಿಯಿಂದ ಕಳಿಸಿದ್ದರೆ ಒಂದು ಕಾಪಿ ಮನೆಯ ಮೇಲ್‌ಗೂ ಹಾಕಿಟ್ಟುಕೊಳ್ಳಿ. ಕೆಲಸ ಬಿಟ್ಟ ಮರುದಿನ ಆಫೀಸ್ ಮೇಲ್ ತೆರೆಯುವುದಿಲ್ಲ.

ಬೇಕಾದ್ದನ್ನೆಲ್ಲಾ ಗಾಡಿ ಬರುವ ಮೊದಲೇ ಹಾಕಿಸಿಕೊಂಡರೆ?

ಅದೇ ಸರಿಯಾದ ದಾರಿ. ಜಾಸ್ತಿ ಜನ ಇದನ್ನೇ ಮರೆಯುತ್ತಾರೆ. ಶೋರೂಂ ಕೊಟೇಶನ್ ಲೀಸ್ ಕಂಪನಿಗೆ ಹೋಗುವ ಮುಂಚೆ, ತಯಾರಕರದ್ದೇ ಆಕ್ಸೆಸರಿಗಳನ್ನು ಅದರಲ್ಲಿ ಸೇರಿಸಲು ಹೇಳಿ. ಬಿಲ್‌ನಲ್ಲೇ ಬಂದರೆ ಅವು ಗಾಡಿಯ ಭಾಗವಾಗುತ್ತವೆ. ಒಪ್ಪಿಗೆಯ ತಕರಾರಿಲ್ಲ, ವಾರಂಟಿಯ ಜಗಳವೂ ಇಲ್ಲ. ಎಷ್ಟು ಮೊತ್ತದವರೆಗೆ ಸೇರಿಸಬಹುದು ಎನ್ನುವುದು ನಿಮ್ಮ ಕಂಪನಿಯ ಪಾಲಿಸಿಗೆ ಬಿಟ್ಟದ್ದು.

ಇದಕ್ಕಿಂತ ಒಳ್ಳೆಯದು ಒಂದು ಮೆಟ್ಟಿಲು ಮೇಲಿನ ವೇರಿಯಂಟ್ ತೆಗೆದುಕೊಳ್ಳುವುದು. ಬೇಸ್ ಮಾಡೆಲ್ ತಂದು, ಮೇಲೆ ನಿಮ್ಮ ಜೇಬಿನಿಂದ ಅಲಾಯ್, ಟಚ್ ಸ್ಕ್ರೀನ್, ರಿವರ್ಸ್ ಕ್ಯಾಮೆರಾ ಎಂದು ಸುರಿದರೆ ಆ ದುಡ್ಡು ತೆರಿಗೆ ಕಳೆದ ಸಂಬಳದಿಂದ ಹೋಗುತ್ತದೆ. ವಾಪಸ್ ಕೊಡುವಾಗ ಅದಕ್ಕೆ ಬಿಡಿಗಾಸೂ ಸಿಗುವುದಿಲ್ಲ.

ಯಾರನ್ನೂ ಕೇಳದೆ ಏನೇನು ಹಾಕಬಹುದು?

ಉಪಕರಣ ಇಲ್ಲದೆ ತೆಗೆಯಬಹುದಾದದ್ದು, ತೆಗೆದ ಮೇಲೆ ಗುರುತು ಉಳಿಯದ್ದು. ಕಾಲಿನ ಮ್ಯಾಟ್, ಸೀಟ್ ಕವರ್, ಡಿಕ್ಕಿಯ ಟ್ರೇ, ಮೊಬೈಲ್ ಹೋಲ್ಡರ್, 12 ವೋಲ್ಟ್ ಸಾಕೆಟ್‌ಗೆ ಸಿಕ್ಕಿಸುವ ಡ್ಯಾಶ್‌ಕ್ಯಾಮ್, ಟೈರಿಗೆ ಗಾಳಿ ತುಂಬುವ ಪಂಪ್, ಮಗುವಿನ ಸೀಟು.

ಇಷ್ಟರಲ್ಲೂ ಎರಡು ಕಡೆ ಎಚ್ಚರ ಬೇಕು. ಒಂದು, ಸೀಟ್ ಕವರ್. ಸೀಟಿನ ಮಗ್ಗುಲಲ್ಲಿ ಸೈಡ್ ಏರ್‌ಬ್ಯಾಗ್ ಇರುವ ಕಾರಿಗೆ ಗಟ್ಟಿಯಾಗಿ ಸುತ್ತಿ ಹೊಲಿದ ಕವರ್ ಹಾಕಿದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳಲು ಜಾಗವೇ ಇರುವುದಿಲ್ಲ. ಮಗ್ಗುಲು ತೆರೆದಿರುವ, ಇಲ್ಲವೇ ಅದಕ್ಕೆಂದೇ ಹೊಲಿಗೆ ಸಡಿಲ ಬಿಟ್ಟ ಕವರ್ ಕೇಳಿ ತೆಗೆದುಕೊಳ್ಳಿ. ಸೀಟಿನ ಪಕ್ಕ ‘ಏರ್‌ಬ್ಯಾಗ್’ ಎಂಬ ಸಣ್ಣ ಪಟ್ಟಿ ಹೊಲಿದಿದ್ದರೆ ನಿಮ್ಮದು ಅಂಥ ಕಾರು.

ಎರಡು, ಮ್ಯಾಟ್. ಕಾರಿನ ಜೊತೆ ಬಂದ ಮ್ಯಾಟ್ ಮೇಲೆ ಇನ್ನೊಂದು ದಪ್ಪ ಮ್ಯಾಟ್ ಹಾಕುವ ಚಾಳಿ ಬಿಡಿ. ಮೇಲಿನದು ಜಾರಿ ಪೆಡಲ್ ಕೆಳಗೆ ಸೇರಿಕೊಳ್ಳುತ್ತದೆ. ಹಳೆಯದನ್ನು ತೆಗೆದು ಅಟ್ಟದ ಮೇಲಿಡಿ. ವಾಪಸ್ ಕೊಡುವ ದಿನ ಅದೇ ಹೊಚ್ಚ ಹೊಸದಾಗಿ ಕಾಣುತ್ತದೆ.

ಪೂಜೆ, ಗಣಪತಿ, ಹಿಂದಿನ ಗಾಜಿಗೆ ಸ್ಟಿಕರ್?

ಪೂಜೆಗೆ ಯಾರ ಒಪ್ಪಿಗೆಯೂ ಬೇಡ. ಆದರೆ ಆಯುಧಪೂಜೆಯ ಮರುದಿನ ಅರಿಶಿನ, ಕುಂಕುಮ ಹಾಗೇ ಬಿಟ್ಟರೆ ಬಿಳಿ ಬಣ್ಣದ ಮೇಲೆ ಕಲೆ ನಿಲ್ಲುತ್ತದೆ. ಅದೇ ಸಂಜೆ ಒದ್ದೆ ಬಟ್ಟೆಯಲ್ಲಿ ಒರೆಸಿಬಿಡಿ. ಬಾಳೆಕಂದು ಕಟ್ಟುವ ದಾರ ಬಾನೆಟ್ ಅಂಚಿಗೆ ಉಜ್ಜದಂತೆ ನೋಡಿಕೊಳ್ಳಿ.

ಡ್ಯಾಶ್‌ಬೋರ್ಡ್ ಮೇಲಿನ ಗಣಪತಿಗೆ ಜಾಗ ನೋಡಿ ಕೊಡಿ. ಪಕ್ಕದ ಸೀಟಿನ ಮುಂದೆ ಏರ್‌ಬ್ಯಾಗ್ ಮುಚ್ಚಳ ಇರುವ ಕಡೆ ಅಂಟಿಸಿದರೆ, ಅಪಘಾತದಲ್ಲಿ ಆ ವಿಗ್ರಹ ಎದುರು ಕೂತವರ ಮುಖಕ್ಕೆ ಸಿಡಿಯುತ್ತದೆ. ಮಧ್ಯಕ್ಕೋ ಬಲಕ್ಕೋ ಇಡಿ. ಡಬಲ್ ಟೇಪ್ ಬದಲು ತೆಗೆಯಬಹುದಾದ ಜೆಲ್ ಪ್ಯಾಡ್ ಬಳಸಿ. ಬಿಸಿಲಲ್ಲಿ ನಿಂತು ನಿಂತು ಡಬಲ್ ಟೇಪ್ ಡ್ಯಾಶ್‌ಬೋರ್ಡ್‌ಗೆ ಕಚ್ಚಿಕೊಂಡರೆ ಬಿಡಿಸುವಾಗ ಮೇಲ್ಪದರವೂ ಕಿತ್ತು ಬರುತ್ತದೆ.

ಕನ್ನಡ ಬಾವುಟ, ಮಕ್ಕಳ ಹೆಸರು, ನೆಚ್ಚಿನ ನಟನ ಚಿತ್ರ ಪೇಂಟ್ ಮೇಲೆ ಬೇಡ. ವರ್ಷಗಟ್ಟಲೆ ಬಿಸಿಲು ತಿಂದ ಬಣ್ಣದ ನಡುವೆ ಸ್ಟಿಕರ್ ಇದ್ದ ಜಾಗ ಮಾತ್ರ ಹೊಸದಾಗಿ ಹೊಳೆಯುತ್ತದೆ. ನಂಬರ್ ಪ್ಲೇಟ್‌ನಂತೂ ಮುಟ್ಟಲೇಬೇಡಿ. 2019ರ ಏಪ್ರಿಲ್‌ನಿಂದ ಹೊಸ ಗಾಡಿಗಳಿಗೆ ಬರುವ ಹೈ ಸೆಕ್ಯುರಿಟಿ, ಅಂದರೆ ಎಚ್‌ಎಸ್‌ಆರ್‌ಪಿ ಪ್ಲೇಟ್ ಬಿಟ್ಟು ಬೇರೆ ಯಾವ ಶೋಕಿ ಪ್ಲೇಟೂ ನಡೆಯುವುದಿಲ್ಲ.

ಸನ್ ಫಿಲ್ಮ್ ಹಾಕಿಸಬಹುದಾ? ಬಿಸಿಲು ತಡೆಯಲು ಆಗುತ್ತಿಲ್ಲ.

ಕಲಬುರಗಿ, ರಾಯಚೂರು ಕಡೆಯವರ ಕಷ್ಟ ಅರ್ಥವಾಗುತ್ತದೆ. ಆದರೂ ಲೀಸ್ ಗಾಡಿಗೆ ನನ್ನ ಉತ್ತರ ಬೇಡ ಎಂದೇ.

ನಿಯಮ ಹೀಗಿದೆ. ಕೇಂದ್ರ ಮೋಟಾರು ವಾಹನ ನಿಯಮ 100ರ ಪ್ರಕಾರ ಮುಂದಿನ, ಹಿಂದಿನ ಗಾಜಿನಲ್ಲಿ ಕನಿಷ್ಠ 70%, ಪಕ್ಕದ ಗಾಜಿನಲ್ಲಿ ಕನಿಷ್ಠ 50% ಬೆಳಕು ದಾಟಬೇಕು. ‘50% ಇರುವ ಫಿಲ್ಮ್ ಹಾಕಿದರೆ ಸರಿಹೋಯಿತಲ್ಲ’ ಎಂದು ಅಂಗಡಿಯವರು ಹೇಳುತ್ತಾರೆ. ಲೆಕ್ಕ ಅಲ್ಲೇ ತಪ್ಪುತ್ತದೆ. ಕಾರಿನ ಗಾಜಿಗೆ ಕಾರ್ಖಾನೆಯಲ್ಲೇ ಸ್ವಲ್ಪ ಛಾಯೆ ಇರುತ್ತದೆ. 70% ಬಿಡುವ ಗಾಜಿನ ಮೇಲೆ 50% ಬಿಡುವ ಫಿಲ್ಮ್ ಕೂತರೆ ಒಟ್ಟು ದಾಟುವುದು ಸುಮಾರು 35% ಮಾತ್ರ. ಸಾಲದ್ದಕ್ಕೆ, 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಎಷ್ಟೇ ಬೆಳಕು ಬಿಟ್ಟರೂ ಗಾಜಿನ ಮೇಲೆ ಫಿಲ್ಮ್ ಅಂಟಿಸಬಾರದು ಎಂದಿತು. ನಿಯಮಕ್ಕೆ ನಂತರ ಬಂದ ತಿದ್ದುಪಡಿಯನ್ನು ಆಧರಿಸಿ 2024ರಲ್ಲಿ ಕೇರಳ ಹೈಕೋರ್ಟ್, ನಿಗದಿತ ಪಾರದರ್ಶಕತೆ ಉಳಿಸುವ ಫಿಲ್ಮ್‌ಗೆ ತೊಂದರೆ ಇಲ್ಲ ಎಂದದ್ದು ನಿಜ. ಆದರೆ ಸಿಗ್ನಲ್‌ನಲ್ಲಿ ಪೊಲೀಸರು ಕೈ ಅಡ್ಡ ಹಾಕಿದಾಗ ಕೇರಳದ ತೀರ್ಪು ಓದಿ ಹೇಳುತ್ತಾ ನಿಲ್ಲುವ ತಾಳ್ಮೆ ನಿಮಗಿದೆಯಾ?

ಇನ್ನೊಂದು ತಾಪತ್ರಯ. ನೋಟಿಸ್ ಹೋಗುವುದು ಆರ್‌ಸಿಯಲ್ಲಿರುವ ಹೆಸರಿಗೆ, ಅಂದರೆ ಲೀಸ್ ಕಂಪನಿಗೋ ನಿಮ್ಮ ಆಫೀಸಿಗೋ. ಅವರು ಅದನ್ನು ನಿಮಗೆ ದಾಟಿಸುವಾಗ ಮೇಲೊಂದು ಸೇವಾ ಶುಲ್ಕ ಸೇರಿಸುವ ಒಪ್ಪಂದಗಳೂ ಇವೆ. ಕೊನೆಗೆ ಫಿಲ್ಮ್ ಕೀಳುವಾಗ ಹಿಂದಿನ ಗಾಜಿನ ಮಂಜು ಕರಗಿಸುವ ಡಿಫಾಗರ್ ಗೆರೆಗಳು ಅಂಟಿನ ಜೊತೆ ಎದ್ದು ಬಂದರೆ ಗಾಜಿನ ಖರ್ಚೂ ನಿಮ್ಮದೇ.

ಹಾಗಾದರೆ ಏನು ಮಾಡುವುದು? ಗಾಡಿ ನಿಂತಾಗ ಮುಂದಿನ ಗಾಜಿಗೆ ಬೆಳ್ಳಿ ಬಣ್ಣದ ಮಡಚುವ ಶೇಡ್, ಪಕ್ಕಕ್ಕೆ ಮ್ಯಾಗ್ನೆಟ್ ಜಾಲರಿ. ಓಡಿಸುವ ಮುಂಚೆ ತೆಗೆದಿಡಿ.

ಅಲಾಯ್ ವೀಲ್, ದಪ್ಪ ಟೈರ್?

ನಿಮ್ಮದೇ ಮಾಡೆಲ್‌ನ ಮೇಲಿನ ವೇರಿಯಂಟ್‌ಗೆ ತಯಾರಕರೇ ಕೊಡುವ ಅಳತೆಗೆ ಹೋದರೆ ಒಪ್ಪಿಗೆ ಸಿಗುವ ಸಾಧ್ಯತೆ ಜಾಸ್ತಿ. ಅದನ್ನು ದಾಟಿದರೆ ಕಡಿಮೆ. ಒಂದು ಉದಾಹರಣೆ: 185/65 ಆರ್15 ಟೈರಿಗೂ 195/55 ಆರ್16 ಟೈರಿಗೂ ಹೊರಸುತ್ತಿನ ವ್ಯಾಸ ಸುಮಾರು 62 ಸೆಂಟಿಮೀಟರ್. ರಿಮ್ ದೊಡ್ಡದಾದರೂ ಟೈರಿನ ಮಗ್ಗುಲು ಗಿಡ್ಡವಾಗಿ ಸರಿದೂಗುತ್ತದೆ. ಸ್ಪೀಡೊಮೀಟರ್ ಸುಳ್ಳು ಹೇಳುವುದಿಲ್ಲ. ಆದರೆ ಗಿಡ್ಡ ಮಗ್ಗುಲಿನ ಟೈರ್ ನಮ್ಮ ಗುಂಡಿಗಳಲ್ಲಿ ರಿಮ್ ಬಗ್ಗಿಸುತ್ತದೆ. ಬಗ್ಗಿದ ರಿಮ್‌ನ ದುಡ್ಡು ಯಾರದು ಎಂದು ಹೇಳಬೇಕಾಗಿಲ್ಲ.

ಟೈರ್ ಮೇಲೆ 88ಎಚ್, 91ವಿ ಎಂಬ ಗುರುತು ಇರುತ್ತದೆ. ಅಂಕಿ ಎಂದರೆ ಒಂದು ಟೈರ್ ಹೊರುವ ತೂಕ, ಅಕ್ಷರ ಎಂದರೆ ವೇಗದ ಮಿತಿ. 91 ಎಂದರೆ 615 ಕೆ.ಜಿ. ಮ್ಯಾನ್ಯುಯಲ್‌ನಲ್ಲಿ ಹೇಳಿದ್ದಕ್ಕಿಂತ ಕೆಳಗಿನದನ್ನು ಯಾವತ್ತೂ ಹಾಕಬೇಡಿ. ಮಡ್‌ಗಾರ್ಡ್‌ನಿಂದ ಹೊರಗೆ ಚಾಚುವ ಟೈರ್ ಬೇಡವೇ ಬೇಡ.

ಹಳೆಯ ನಾಲ್ಕು ವೀಲ್ ಅಂಗಡಿಗೆ ಎಕ್ಸ್‌ಚೇಂಜ್ ಕೊಟ್ಟು ಬರಬೇಡಿ! ಅವು ನಿಮ್ಮ ಸ್ವತ್ತಲ್ಲ. ಫ್ಲ್ಯಾಟ್‌ನಲ್ಲಿ ಇಡಲು ಜಾಗವಿಲ್ಲ ಎಂದಾದರೆ ಅಲಾಯ್ ಆಸೆ ಬಿಡುವುದೇ ವಾಸಿ.

ಲೈಟ್, ಹಾರ್ನ್, ಸ್ಟೀರಿಯೊ?

ಮೂರಕ್ಕೂ ಸಮಸ್ಯೆ ಒಂದೇ: ವೈರಿಂಗ್. ಕಾರ್ಖಾನೆಯ ವೈರ್ ಕತ್ತರಿಸಿ, ತಿರುಚಿ, ಕಪ್ಪು ಟೇಪ್ ಸುತ್ತಿದ ತಕ್ಷಣ ಆ ಭಾಗದ ವಾರಂಟಿ ಹೋದ ಹಾಗೆ. ಮುಂದೆ ಶಾರ್ಟ್ ಆಗಿ ಸುಟ್ಟರೆ ಇನ್ಶೂರೆನ್ಸ್ ಸರ್ವೇಯರ್ ಮೊದಲು ಹುಡುಕುವುದೂ ಆ ಟೇಪನ್ನೇ. ಸ್ಟೀರಿಯೊ ಬದಲಾಯಿಸಲೇಬೇಕು ಎಂದರೆ ನಿಮ್ಮ ಮಾಡೆಲ್‌ಗೆ ಸರಿಹೊಂದುವ ಕಪ್ಲರ್ (ವೈರ್ ಕತ್ತರಿಸದೆ ಸಿಕ್ಕಿಸುವ ಪ್ಲಗ್) ಮೂಲಕವೇ ಸಿಕ್ಕಿಸಲು ಹೇಳಿ. ‘ಕಪ್ಲರ್ ಇಲ್ಲ ಸಾರ್, ಜಾಯಿಂಟ್ ಹಾಕಿಕೊಡ್ತೀನಿ’ ಎಂದರೆ ಅಂಗಡಿ ಬದಲಾಯಿಸಿ.

ಹೆಡ್‌ಲೈಟ್‌ಗೆ 60/55 ವ್ಯಾಟ್ ಬದಲು 100/90 ಬಲ್ಬ್ ಹಾಕಿದರೆ ಹೋಲ್ಡರ್ ಕರಗುತ್ತದೆ. ಹ್ಯಾಲೋಜನ್‌ಗೆಂದು ಮಾಡಿದ ಡೂಮಿಗೆ ಎಲ್‌ಇಡಿ ತುರುಕಿದರೆ ಬೆಳಕು ಚೆದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. 2024ರ ಜುಲೈನಲ್ಲಿ ಕಣ್ಣು ಕುಕ್ಕುವ ಎಲ್‌ಇಡಿ ಲೈಟ್‌ಗಳ ಮೇಲೆ ಕರ್ನಾಟಕ ಪೊಲೀಸರು ರಾಜ್ಯದ ಉದ್ದಗಲಕ್ಕೂ ಕೇಸ್ ಹಾಕಲು ಶುರು ಮಾಡಿದರು. ಹಲವು ಸ್ವರದ ಹಾರ್ನ್ ಯಾವ ಕಾರಿಗೂ ಇಲ್ಲ, ಸ್ವಂತದ್ದಾದರೂ.

ಬುಲ್ ಬಾರ್ (ಮುಂದಿನ ಬಂಪರ್‌ಗೆ ಕೂರಿಸುವ ಲೋಹದ ಕಂಬಿ)?

ಬೇಡ. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಇದರ ಮೇಲೆ ಕ್ರಮಕ್ಕೆ ರಾಜ್ಯಗಳಿಗೆ ಬರೆದಿದೆ. ಅಪಘಾತದ ಹೊಡೆತ ನೇರ ಚಾಸಿಗೆ ಹೋಗುತ್ತದೆ, ಏರ್‌ಬ್ಯಾಗ್ ಸೆನ್ಸರ್‌ಗೆ ಗೊಂದಲವಾಗುತ್ತದೆ, ನಡೆದು ಹೋಗುವವರಿಗೆ ತಗುಲಿದರೆ ಪೆಟ್ಟು ಹೆಚ್ಚು.

ಇಂಜಿನ್ ರಿಮ್ಯಾಪ್ (ಶಕ್ತಿ ಹೆಚ್ಚಿಸಲು ಇಂಜಿನ್‌ನ ಸಾಫ್ಟ್‌ವೇರ್ ತಿದ್ದುವುದು), ಸದ್ದು ಮಾಡುವ ಸೈಲೆನ್ಸರ್?

ಅದೂ ಬೇಡ. ರಿಮ್ಯಾಪ್ ಮಾಡಿಸಿದ್ದು ಸರ್ವಿಸ್ ಸೆಂಟರ್‌ನವರು ಕಂಪ್ಯೂಟರ್ ಸಿಕ್ಕಿಸಿದರೆ ಗೊತ್ತಾಗುತ್ತದೆ.

ಬಣ್ಣ ಬದಲಾಯಿಸುವ ರ‍್ಯಾಪ್, ಪಿಪಿಎಫ್ (ಪೇಂಟ್ ಕಾಯಲು ಅಂಟಿಸುವ ಫಿಲ್ಮ್), ಸೆರಾಮಿಕ್ ಕೋಟಿಂಗ್?

ಆರ್‌ಸಿಯಲ್ಲಿ ಗಾಡಿಯ ಬಣ್ಣ ನಮೂದಾಗಿರುತ್ತದೆ. ಪೂರ್ತಿ ರ‍್ಯಾಪ್ ಮಾಡಿ ಬಿಳಿ ಕಾರನ್ನು ಕಪ್ಪಾಗಿಸಿದರೆ ಆರ್‌ಟಿಒದಲ್ಲಿ ಬಣ್ಣ ತಿದ್ದಿಸಬೇಕು. ಅದಕ್ಕೆ ಆರ್‌ಸಿಯಲ್ಲಿರುವ ಮಾಲೀಕರ ಸಹಿ ಬೇಕು. ಆ ಸಹಿಗಾಗಿ ಓಡಾಡುವಷ್ಟರಲ್ಲಿ ಲೀಸೇ ಮುಗಿದಿರುತ್ತದೆ.

ಬಣ್ಣವಿಲ್ಲದ ಪಿಪಿಎಫ್ ಬೇರೆ ಕಥೆ. ಅದು ಪೇಂಟನ್ನು ಕಾಯುತ್ತದೆ, ಒಳ್ಳೆಯದಾದರೆ ಬಿಚ್ಚಲೂ ಬರುತ್ತದೆ. ಆದರೆ ಇಡೀ ಕಾರಿಗೆ ಬೇಕಾಗಿಲ್ಲ. ಬಾಗಿಲ ಹಿಡಿಕೆಯ ಹಿಂದಿನ ಗುಳಿ, ಬಾಗಿಲಂಚು, ಡಿಕ್ಕಿಯ ಅಂಚು, ಬಂಪರ್ ಮೂಲೆ, ಇಷ್ಟಕ್ಕೆ ಹಾಕಿಸಿದರೆ ವಾಪಸ್ ತಪಾಸಣೆಯಲ್ಲಿ ಬೆರಳಿಟ್ಟು ತೋರಿಸುವ ಗೀರುಗಳು ಬಹುಪಾಲು ತಪ್ಪುತ್ತವೆ. ಸೆರಾಮಿಕ್ ಹೊಳಪಿಗೆ ಚೆನ್ನ, ಗೀರು ತಡೆಯುವುದಿಲ್ಲ. ಮೂರು ವರ್ಷದಲ್ಲಿ ವಾಪಸ್ ಕೊಡುವ ಕಾರಿಗೆ ಸುಮ್ನೆ ಖರ್ಚು.

ಪೆಟ್ರೋಲ್ ಕಾರಿಗೆ ಸಿಎನ್‌ಜಿ ಕಿಟ್?

ಕಾನೂನಿನಲ್ಲಿ ದಾರಿ ಇದೆ. ಮಾನ್ಯತೆ ಪಡೆದ ಕಿಟ್ ಆಗಿರಬೇಕು, ಆರ್‌ಸಿಯಲ್ಲಿ ಇಂಧನ ತಿದ್ದಿಸಬೇಕು. ಹೊಸ ಮಾಲಿನ್ಯ ಮಾನದಂಡದ ಬಿಎಸ್6 ಗಾಡಿಗಳಿಗೂ 2022ರಲ್ಲಿ ಅವಕಾಶ ಕೊಟ್ಟಿದ್ದಾರೆ. ಸಿಲಿಂಡರ್‌ಗೆ ಮೂರು ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆ ಮಾಡಿಸಬೇಕು. ಪಾಲಿಸಿಯಲ್ಲೂ ಕಿಟ್ ಸೇರಿಸಬೇಕು. ಇಷ್ಟಕ್ಕೆಲ್ಲಾ ಲೀಸ್ ಕಂಪನಿ ತಲೆ ಕೆಡಿಸಿಕೊಳ್ಳುವುದು ಅಪರೂಪ. ಸಿಎನ್‌ಜಿ ಬೇಕೆಂದರೆ ಕಾರ್ಖಾನೆಯಿಂದಲೇ ಸಿಎನ್‌ಜಿ ಬರುವ ಮಾಡೆಲ್ ಲೀಸ್ ತೆಗೆದುಕೊಳ್ಳಿ.

ಎಲೆಕ್ಟ್ರಿಕ್ ಕಾರು ಲೀಸ್ ತೆಗೆದುಕೊಂಡಿದ್ದೇನೆ. ಮನೆಯಲ್ಲಿ ಚಾರ್ಜರ್ ಹಾಕಿಸುವುದೂ ಮಾಡಿಫಿಕೇಶನ್ನಾ?

ಅಲ್ಲ, ಗೋಡೆಗೆ ಹಾಕುವುದು ಗಾಡಿಗೆ ಸೇರಿದ್ದಲ್ಲ. ಆದರೆ ಕಾರಿನ ಜೊತೆ ಬಂದ ಚಾರ್ಜರ್ ಬಾಕ್ಸ್ ಯಾರದ್ದು ಎಂದು ಮೊದಲೇ ಕೇಳಿ. ಬಿಲ್‌ನಲ್ಲಿ ಗಾಡಿಯ ಜೊತೆ ಸೇರಿದ್ದರೆ ವಾಪಸ್ ಕೇಳಬಹುದು. ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಜೊತೆ ಗುದ್ದಾಡಿ ಬೇಸ್‌ಮೆಂಟ್‌ವರೆಗೆ ಎಳೆಸಿದ ಕೇಬಲ್ ಮಾತ್ರ ನಿಮ್ಮದೇ, ಅದನ್ನು ಯಾರೂ ಕೇಳುವುದಿಲ್ಲ.

ನನಗೆ ಕಾಲಿನ ತೊಂದರೆ ಇದೆ. ಕೈಯಲ್ಲೇ ಬ್ರೇಕ್, ಆಕ್ಸಿಲರೇಟರ್ ಒತ್ತುವ ವ್ಯವಸ್ಥೆ ಬೇಕು.

ಇದು ಶೋಕಿಯಲ್ಲ, ಅಗತ್ಯ. ಹೀಗಾಗಿ ಲೀಸ್ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆಯೇ ಕೇಳಿ, ಒಪ್ಪಂದದಲ್ಲೇ ಬರೆಸಿ. ಆರ್‌ಟಿಒ ಅನುಮತಿಯೂ ಆರ್‌ಸಿಯಲ್ಲಿ ನಮೂದೂ ಬೇಕಾಗುತ್ತದೆ. ಇನ್ನೊಂದು ಲೆಕ್ಕವನ್ನೂ ಹಾಕಿ ನೋಡಿ. ಅಂಗವಿಕಲರಿಗೆ ಸಿಗುವ ತೆರಿಗೆ ರಿಯಾಯಿತಿಗಳು ಗಾಡಿ ಅವರ ಹೆಸರಿನಲ್ಲಿದ್ದಾಗ ಸಿಗುವಂಥವು. ಕಂಪನಿ ಹೆಸರಿನ ಗಾಡಿಯಲ್ಲಿ ಅವು ಕೈತಪ್ಪಬಹುದು. ಎಷ್ಟೋ ಸಲ ಇಂಥವರಿಗೆ ಲೀಸ್‌ಗಿಂತ ಸಾಲ ಮಾಡಿ ಸ್ವಂತ ಕಾರು ಕೊಳ್ಳುವುದೇ ಲಾಭ.

ಇನ್ಶೂರೆನ್ಸ್ ವಿಷಯದಲ್ಲಿ ಏನು ಮಾಡಬೇಕು?

ಶೋರೂಂ ಬೆಲೆಯಲ್ಲಿ ಸೇರದ ಸ್ಟೀರಿಯೊದಂಥ ಎಲೆಕ್ಟ್ರಿಕಲ್ ಭಾಗಗಳಿಗೆ ಪಾಲಿಸಿಯಲ್ಲಿ ಐಎಂಟಿ 24 ಎಂಬ ಸೇರ್ಪಡೆ ಇದೆ. ಸಿಎನ್‌ಜಿ ಕಿಟ್‌ಗೆ ಐಎಂಟಿ 25. ಪ್ರೀಮಿಯಂ ಸಾಮಾನ್ಯವಾಗಿ ಆ ವಸ್ತುವಿನ ಬೆಲೆಯ 4%. ಅಂದರೆ 20,000 ರೂಪಾಯಿಯ ಸ್ಟೀರಿಯೊಗೆ ವರ್ಷಕ್ಕೆ 800. ಲೀಸ್ ಗಾಡಿಯಲ್ಲಿ ಪಾಲಿಸಿ ಇನ್ನೊಬ್ಬರ ಹೆಸರಿನಲ್ಲಿರುವುದರಿಂದ ಇದನ್ನು ಸೇರಿಸಲೂ ಅವರೇ ಬೇಕು.

ಸೇರಿಸದೆ ಬಿಟ್ಟರೆ? ಕಾರು ಕಳುವಾದರೆ ಪರಿಹಾರದ ದುಡ್ಡು ಗಾಡಿಯ ಮಾಲೀಕರಿಗೆ ಹೋಗುತ್ತದೆ. ನಿಮ್ಮ ಸ್ಟೀರಿಯೊ ಕಳ್ಳನ ಜೊತೆ ಹೋಗುತ್ತದೆ. ತಿಳಿಸದ ಬದಲಾವಣೆಯಿಂದಲೇ ನಷ್ಟವಾಯಿತು ಎಂದು ಸರ್ವೇಯರ್ ಬರೆದರೆ ಕ್ಲೈಮ್ ತಿರಸ್ಕಾರವಾಗಬಹುದು. ಆಗ ರಿಪೇರಿಯ ಪೂರ್ತಿ ಬಿಲ್ ಲೀಸ್ ಕಂಪನಿ ನಿಮ್ಮ ಕಡೆ ತಿರುಗಿಸುತ್ತದೆ.

ಮಧ್ಯದಲ್ಲಿ ಕೆಲಸ ಬಿಟ್ಟರೆ?

ಇದನ್ನು ಯಾರೂ ಮೊದಲ ದಿನ ಯೋಚಿಸುವುದಿಲ್ಲ, ಆದರೆ ಜಾಸ್ತಿ ಆಗುವುದು ಇದೇ. ಸಾಮಾನ್ಯವಾಗಿ ಮೂರು ದಾರಿ. ಉಳಿದ ದುಡ್ಡು ಕಟ್ಟಿ ಗಾಡಿ ಕೊಳ್ಳುವುದು, ಹೊಸ ಕಂಪನಿ ಒಪ್ಪಿದರೆ ಲೀಸ್ ಅಲ್ಲಿಗೆ ವರ್ಗಾಯಿಸುವುದು, ಇಲ್ಲವೇ ಫೋರ್‌ಕ್ಲೋಷರ್ ಶುಲ್ಕ ಕೊಟ್ಟು ವಾಪಸ್ ಮಾಡುವುದು. ಮೂರರಲ್ಲೂ ಗಾಡಿಯ ತಪಾಸಣೆ ಆಗಬಹುದು, ಅದೂ ನೋಟಿಸ್ ಪಿರಿಯಡ್‌ನ ಗಡಿಬಿಡಿಯಲ್ಲಿ. ಆಗ ಅಲಾಯ್ ಬಿಚ್ಚಿಸಿ, ಸ್ಟೀರಿಯೊ ವಾಪಸ್ ಕೂರಿಸಿ, ಹಳೆಯ ಸ್ಕ್ರೂ ಎಲ್ಲಿಟ್ಟೆ ಎಂದು ಹುಡುಕುವ ಪುರುಸೊತ್ತು ಇರುವುದಿಲ್ಲ. ಬಿಚ್ಚಿದ ಪ್ರತಿ ಭಾಗವನ್ನೂ ಒಂದೇ ಡಬ್ಬದಲ್ಲಿ, ಮೇಲೆ ಹೆಸರು ಬರೆದು ಇಡಿ. ಹಾಕಿಸುವ ಮುಂಚೆ ಫೋಟೊ ತೆಗೆದಿಟ್ಟುಕೊಳ್ಳಿ.

ಹಾಕಿಸಿದ್ದನ್ನು ಬಿಚ್ಚದೆ ಹಾಗೇ ವಾಪಸ್ ಕೊಟ್ಟರೆ?

ಅದರ ಬೆಲೆ ನಿಮಗೆ ಸಿಗುವುದಿಲ್ಲ. ಬದಲಿಗೆ ‘ಮೂಲ ಸ್ಥಿತಿಗೆ ತರುವ ಖರ್ಚು’ ಎಂದು ನಿಮ್ಮಿಂದಲೇ ವಸೂಲಾಗಬಹುದು. ಬಿಚ್ಚಿದರೆ ತೂತು ಕಾಣುತ್ತದೆ ಎನ್ನುವಂಥದ್ದನ್ನು ಮಾತ್ರ ಬಿಚ್ಚುವ ಮೊದಲು ಅವರನ್ನೇ ಕೇಳಿ. ಕೆಲವೊಮ್ಮೆ ಹಾಗೇ ಇರಲಿ ಎನ್ನುತ್ತಾರೆ.

ಸಬ್‌ಸ್ಕ್ರಿಪ್ಶನ್ ಕಾರಿಗೂ ಇದೇ ನಿಯಮನಾ?

ಇನ್ನೂ ಬಿಗಿ. ಕೆಲವು ತಿಂಗಳಿಗೆ ತೆಗೆದುಕೊಳ್ಳುವ ಗಾಡಿಗೆ ಮ್ಯಾಟ್, ಮೊಬೈಲ್ ಹೋಲ್ಡರ್ ಬಿಟ್ಟು ಏನೂ ಬೇಡ. ಕಪ್ಪು ಪ್ಲೇಟ್ ಮೇಲೆ ಹಳದಿ ಅಕ್ಷರ ಇದ್ದರೆ ಅದು ಸೆಲ್ಫ್ ಡ್ರೈವ್ ಬಾಡಿಗೆಗೆ ನೋಂದಾಯಿಸಿದ ಗಾಡಿ. ಅದರಲ್ಲಿರುವ ಜಿಪಿಎಸ್ ಪೆಟ್ಟಿಗೆಯನ್ನೂ ಅಲುಗಾಡಿಸಬೇಡಿ.

ಲೀಸ್ ಮುಗಿದ ಮೇಲೆ ಕಾರು ನಾನೇ ಕೊಳ್ಳುತ್ತೇನೆ. ಈಗಲೇ ಹಾಕಿಸಿದರೆ ಏನು?

ಕೊಳ್ಳುವ ಆಸೆ ಬೇರೆ, ಕೊಂಡ ಕಾಗದ ಬೇರೆ. ವರ್ಗಾವಣೆಗೆ ಫಾರ್ಮ್ 29, 30 ಬೇಕು. ಆರ್‌ಸಿಯಲ್ಲಿ ಲೀಸ್ ನಮೂದಾಗಿದ್ದರೆ ಅದನ್ನು ತೆಗೆಸಲು ಫಾರ್ಮ್ 35. ಆರ್‌ಟಿಒದಲ್ಲಿ ಗಾಡಿ ತೋರಿಸಿ ಎಂದರೆ ಆರ್‌ಸಿಗೆ ಹೊಂದದ ಬಣ್ಣವೋ ಇಂಧನವೋ ಅಲ್ಲೇ ಸಿಕ್ಕಿಬೀಳುತ್ತದೆ. ಹೊಸ ಆರ್‌ಸಿಯಲ್ಲಿ ನಿಮ್ಮ ಹೆಸರು ಬರಲಿ, ಪಾಲಿಸಿಯೂ ನಿಮ್ಮ ಹೆಸರಿಗೆ ಆಗಲಿ, ಆಮೇಲೆ ಜೆ.ಸಿ. ರಸ್ತೆಗೆ ಹೋಗಿ. ಫಿಲ್ಮ್, ಹಾರ್ನ್, ಬುಲ್ ಬಾರ್ ಅಂಗಡಿಗಳ ಮುಂದೆ ಮಾತ್ರ ಆಗಲೂ ನಿಲ್ಲಿಸಬೇಡಿ.